ನೈಜೀರಿಯಾದ ಮೊದಲ ವಿಶ್ವವಿದ್ಯಾಲಯ ಯಾವುದು: ಇಬಾದಾನೋ, ನ್ಸುಕ್ಕಾವೋ?

ಪ್ರಶ್ನೆ: ಹಿನ್ನೋಟ

ನೈಜೀರಿಯಾದ ಅಂತರ್ಯುದ್ಧದ ಕುರಿತು ಕೆಲವು ತಿಂಗಳಿಂದ ಓದುತ್ತಿದ್ದೇನೆ. ಆ ಓದಿನಲ್ಲಿ ನ್ಸುಕ್ಕಾ ಎಂಬ ಊರು ಒಮ್ಮೆ ರಣಭೂಮಿಯಾಗಿ, ಮತ್ತೊಮ್ಮೆ ವಿದ್ಯಾಕೇಂದ್ರವಾಗಿ ಪದೇ ಪದೇ ಎದುರಾಗುತ್ತದೆ. ಅಲ್ಲಿರುವ ನೈಜೀರಿಯಾ ವಿಶ್ವವಿದ್ಯಾಲಯವನ್ನು ಕೆಲವರು ಆ ದೇಶದ ಮೊದಲ ವಿಶ್ವವಿದ್ಯಾಲಯವೆಂದು ಬರೆಯುತ್ತಾರೆ. ಆದರೆ ಅದು ಬಾಗಿಲು ತೆರೆದದ್ದು 1960ರಲ್ಲಿ. ಇಬಾದಾನಿನಲ್ಲಿ 1948ರಿಂದಲೇ ಪದವಿ ತರಗತಿಗಳು ನಡೆಯುತ್ತಿದ್ದವು. ಹನ್ನೆರಡು ವರ್ಷ ತಡವಾಗಿ ಬಂದ ಸಂಸ್ಥೆ ಮೊದಲನೆಯದಾಗುವುದು ಯಾವ ಲೆಕ್ಕದಲ್ಲಿ?

ಇದರ ಜೊತೆಗೆ ಇನ್ನೆರಡು ಸಂದೇಹಗಳಿವೆ. ಪೂರ್ವ ಪ್ರಾಂತ್ಯದ ಸರ್ಕಾರವು ತನ್ನ ಹಣದಿಂದ ಕಟ್ಟಿಸಿದ ಸಂಸ್ಥೆಗೆ ತನ್ನ ಪ್ರಾಂತ್ಯದ ಹೆಸರನ್ನು ಇಡದೆ ಇಡೀ ದೇಶದ ಹೆಸರನ್ನು ಇಟ್ಟದ್ದು ಏಕೆ? ಯುದ್ಧದ ಮೊದಲ ವಾರಗಳಲ್ಲೇ ಸೈನ್ಯದ ಕೈಸೇರಿದ ಆ ವಿದ್ಯಾಲಯ ಮತ್ತೆ ಎದ್ದು ನಿಂತದ್ದು ಹೇಗೆ? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ. ಉತ್ತರ ಉದ್ದವಾದರೂ ಚಿಂತೆಯಿಲ್ಲ.

ಉತ್ತರ: ಕಡತಪ್ರಿಯ

ನಿಮ್ಮ ಮೊದಲ ಪ್ರಶ್ನೆಯ ಗೊಂದಲವೆಲ್ಲ ಪದವಿ ಪ್ರಮಾಣಪತ್ರಕ್ಕೆ ಮೊಹರು ಒತ್ತುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬ ಒಂದು ಸಂಗತಿಯಲ್ಲಿ ಅಡಗಿದೆ. 1948ರಲ್ಲಿ ಇಬಾದಾನಿನಲ್ಲಿ ಹುಟ್ಟಿದ್ದು ವಿಶ್ವವಿದ್ಯಾಲಯವಲ್ಲ, ಯೂನಿವರ್ಸಿಟಿ ಕಾಲೇಜು. ಅದು ಲಂಡನ್ ವಿಶ್ವವಿದ್ಯಾಲಯದ ಜೊತೆ ವಿಶೇಷ ಸಂಬಂಧವೆಂಬ ವ್ಯವಸ್ಥೆಯಡಿ ನಡೆಯುತ್ತಿತ್ತು. ಪಠ್ಯಕ್ರಮಕ್ಕೆ ಲಂಡನ್ ಒಪ್ಪಿಗೆ ಬೇಕಿತ್ತು, ಪ್ರಶ್ನೆಪತ್ರಿಕೆಗಳನ್ನು ಎರಡೂ ಕಡೆಯ ಅಧ್ಯಾಪಕರು ಸೇರಿ ಸಿದ್ಧಪಡಿಸುತ್ತಿದ್ದರು, ಕೊನೆಗೆ ವಿದ್ಯಾರ್ಥಿಯ ಕೈಗೆ ಬರುತ್ತಿದ್ದುದು ಲಂಡನ್ ಪದವಿ. ಈ ಸಂಬಂಧ ಕಳಚಿ ಇಬಾದಾನ್ ಸ್ವತಂತ್ರ ವಿಶ್ವವಿದ್ಯಾಲಯವಾದದ್ದು 1962ರಲ್ಲಿ. ನ್ಸುಕ್ಕಾಕ್ಕಾದರೋ ತನ್ನದೇ ಪದವಿಗಳನ್ನು ನೀಡುವ ಅಧಿಕಾರ ಆರಂಭದ ದಿನದಿಂದಲೇ ಕಾನೂನಿನ ಮೂಲಕ ದೊರೆತಿತ್ತು. ಆದ್ದರಿಂದ ಉನ್ನತ ಶಿಕ್ಷಣದ ಸಂಸ್ಥೆಯೆಂದು ನೋಡಿದರೆ ಇಬಾದಾನ್ ಹಿರಿಯದು, ಸ್ವಾಯತ್ತ ವಿಶ್ವವಿದ್ಯಾಲಯವೆಂದು ನೋಡಿದರೆ ನ್ಸುಕ್ಕಾ ಮೊದಲನೆಯದು.

ಆದರೆ ಇಷ್ಟನ್ನೇ ಹೇಳಿ ಬಿಟ್ಟರೆ ಇದು ತಾಂತ್ರಿಕ ತಕರಾರಿನಂತೆ ಕಾಣುತ್ತದೆ. ವಿಷಯ ಅದಕ್ಕಿಂತ ಆಳವಾದದ್ದು. ಅದನ್ನು ತಿಳಿಯಲು ನ್ಸುಕ್ಕಾದ ಸ್ಥಾಪಕ ನಮ್ದಿ ಅಜಿಕಿವೆ ಅವರ ಬದುಕಿನ ಕಡೆಗೆ ಹೋಗಬೇಕಾಗುತ್ತದೆ. ಬ್ರಿಟಿಷ್ ಆಳ್ವಿಕೆಯ ಪಶ್ಚಿಮ ಆಫ್ರಿಕಾದಲ್ಲಿ ಮೇಲಿನ ಓದಿಗೆಂದು ಹೊರಟವರು ಸಾಮಾನ್ಯವಾಗಿ ಲಂಡನ್ ಹಡಗು ಹತ್ತುತ್ತಿದ್ದ ಕಾಲದಲ್ಲಿ, ಅಂದರೆ 1925ರಲ್ಲಿ, ಅವರು ಅಮೆರಿಕಕ್ಕೆ ಹೋದರು. ಅಲ್ಲಿ ಕಪ್ಪುಜನರ ಉನ್ನತ ಶಿಕ್ಷಣಕ್ಕಾಗಿಯೇ ಕಟ್ಟಲಾಗಿದ್ದ ಸ್ಟೋರರ್ ಕಾಲೇಜು, ಹೋವರ್ಡ್, ಲಿಂಕನ್ ವಿಶ್ವವಿದ್ಯಾಲಯಗಳಲ್ಲಿ, ಕೂಲಿ ಕೆಲಸ ಮಾಡಿ ಶುಲ್ಕ ಹೊಂದಿಸಿಕೊಳ್ಳುತ್ತ, ಕಲಿತರು. ಆಫ್ರಿಕಕ್ಕೆ ಮರಳಿದ ಮೇಲೆ ಮೊದಲು ಅಕ್ರಾದಲ್ಲಿ, 1937ರಿಂದ ಲಾಗೋಸಿನಲ್ಲಿ ಪತ್ರಿಕೆ ನಡೆಸುತ್ತ, ಆಫ್ರಿಕನ್ನರಿಗೆ ಅವರದೇ ನೆಲದಲ್ಲಿ, ಅವರದೇ ಹಣದಲ್ಲಿ ನಡೆಯುವ ವಿಶ್ವವಿದ್ಯಾಲಯ ಬೇಕೆಂದು ಬರೆದರು. ಅದು ಆಗ ಕೇಳುವವರಿಲ್ಲದ ಮಾತು. 1954ರಲ್ಲಿ ಪೂರ್ವ ಪ್ರಾಂತ್ಯದ ಪ್ರಧಾನಿಯಾದಾಗ ಮಾತ್ರ ಅದನ್ನು ಕಾರ್ಯರೂಪಕ್ಕೆ ತರುವ ಅಧಿಕಾರ ಅವರಿಗೆ ದೊರೆಯಿತು. 1955ರ ಮೇ 18ರಂದು ಪ್ರಾಂತೀಯ ಶಾಸನಸಭೆಯು ವಿಶ್ವವಿದ್ಯಾಲಯ ಸ್ಥಾಪನೆಯ ಮಸೂದೆಯನ್ನು ಅಂಗೀಕರಿಸಿತು. ಸ್ವಾತಂತ್ರ್ಯಕ್ಕೆ ಇನ್ನೂ ಐದು ವರ್ಷಗಳಿದ್ದವು ಎಂಬುದನ್ನು ಗಮನಿಸಬೇಕು.

ಹಣದ ಮೂಲ ಯಾವುದೆಂದು ಕೇಳಿದರೆ, ತಾಳೆ. ಪೂರ್ವ ಪ್ರಾಂತ್ಯದ ರೈತರು ಬೆಳೆದ ತಾಳೆ ಎಣ್ಣೆಯನ್ನೂ ತಾಳೆ ಬೀಜವನ್ನೂ ಸರ್ಕಾರದ ಮಾರಾಟ ಮಂಡಳಿಯು ನಿಗದಿತ ದರಕ್ಕೆ ಕೊಂಡು ಹೊರದೇಶಗಳಿಗೆ ಮಾರುತ್ತಿತ್ತು. ಆ ವ್ಯವಹಾರದಲ್ಲಿ ಉಳಿದು ಕೂಡಿದ್ದ ನಿಧಿಯೇ ನ್ಸುಕ್ಕಾದ ಇಟ್ಟಿಗೆ, ಸುಣ್ಣ, ಸಂಬಳಗಳಿಗೆ ಆಧಾರವಾಯಿತು. ರೈತರಿಗೆ ಸಲ್ಲಬೇಕಾದ ಬೆಲೆಯನ್ನು ಹಿಡಿದಿಟ್ಟು ಉಳಿಸಿದ ಹಣ ಅದು ಎಂಬ ಟೀಕೆಯೂ ಇದೆ, ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ.

1958ರಲ್ಲಿ ಯೋಜನೆಯನ್ನು ಪರಿಶೀಲಿಸಲು ಮೂವರು ಬಂದರು: ಬ್ರಿಟನ್ನಿನ ಎಕ್ಸಿಟರ್ ವಿಶ್ವವಿದ್ಯಾಲಯದ ಕುಲಪತಿ ಜೆ. ಡಬ್ಲ್ಯೂ. ಕುಕ್, ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಕ್ಷ ಜಾನ್ ಹ್ಯಾನಾ ಮತ್ತು ಅಲ್ಲಿಯವರೇ ಆದ ಗ್ಲೆನ್ ಟ್ಯಾಗರ್ಟ್. ಮೂವರಲ್ಲಿ ಇಬ್ಬರು ಮಿಶಿಗನ್ನಿನವರು ಎಂಬುದು ಕಾಕತಾಳೀಯವಲ್ಲ. ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರಿ ಜಮೀನಿನ ಆದಾಯದಿಂದ ಸ್ಥಾಪಿತವಾದ, ಬೇಸಾಯವನ್ನೂ ಯಂತ್ರವಿದ್ಯೆಯನ್ನೂ ಸಾಹಿತ್ಯ, ವಿಜ್ಞಾನಗಳಷ್ಟೇ ಗೌರವದಿಂದ ಕಲಿಸುವ ಕಾಲೇಜುಗಳ ಒಂದು ಪರಂಪರೆಯಿದೆ. ಮಿಶಿಗನ್ ಸ್ಟೇಟ್ ಆ ಪರಂಪರೆಯ ಹಳೆಯ ಕುಡಿ. ಅಜಿಕಿವೆ ಅವರಿಗೆ ಬೇಕಾಗಿದ್ದುದು ಅದೇ ಮಾದರಿ, ಸುತ್ತಲಿನ ಹಳ್ಳಿಯ ಹೊಲಕ್ಕೂ ತರಗತಿಗೂ ನಡುವೆ ಗೋಡೆಯಿಲ್ಲದ ವಿಶ್ವವಿದ್ಯಾಲಯ.

1960ರ ಅಕ್ಟೋಬರ್ 1ರಂದು ದೇಶ ಸ್ವತಂತ್ರವಾಯಿತು. ಆ ಸಮಾರಂಭಕ್ಕೆ ರಾಣಿಯ ಪ್ರತಿನಿಧಿಯಾಗಿ ಬಂದಿದ್ದ ರಾಜಕುಮಾರಿ ಅಲೆಕ್ಸಾಂಡ್ರಾ ಅವರೇ ಅಕ್ಟೋಬರ್ 7ರಂದು ನ್ಸುಕ್ಕಾದ ವಿಶ್ವವಿದ್ಯಾಲಯವನ್ನು ಉದ್ಘಾಟಿಸಿದರು. ಹತ್ತು ದಿನಗಳ ನಂತರ, ಅಕ್ಟೋಬರ್ 17ರಂದು, 220 ವಿದ್ಯಾರ್ಥಿಗಳು ಮತ್ತು 13 ಮಂದಿ ಬೋಧಕರೊಂದಿಗೆ ತರಗತಿಗಳು ಪ್ರಾರಂಭವಾದವು. ಮೊದಲ ಕುಲಪತಿ ಜಾರ್ಜ್ ಮರಿಯನ್ ಜಾನ್ಸನ್, ಹೋವರ್ಡ್ ವಿಶ್ವವಿದ್ಯಾಲಯದ ಕಾನೂನು ಶಾಲೆಯ ಡೀನ್ ಆಗಿದ್ದ ಆಫ್ರಿಕನ್ ಅಮೆರಿಕನ್ ವಿದ್ವಾಂಸರು. ಕುಲಾಧಿಪತಿ ಅಜಿಕಿವೆ. ಧ್ಯೇಯವಾಕ್ಯ "ಮಾನವನ ಘನತೆಯನ್ನು ಮರಳಿ ಸ್ಥಾಪಿಸುವುದು". ಇಂಥ ಮಾತನ್ನು ಬೇರೆಡೆ ಓದಿದ್ದರೆ ನಾನು ಆಡಂಬರವೆಂದು ಪಕ್ಕಕ್ಕಿಡುತ್ತಿದ್ದೆ. ಆದರೆ ವರ್ಣಭೇದದ ಅಮೆರಿಕದಲ್ಲಿ ಹೋವರ್ಡಿನಲ್ಲಿ ಕಲಿತ ಒಬ್ಬರು ಮತ್ತು ಅದೇ ಹೋವರ್ಡಿನಲ್ಲಿ ಕಲಿಸಿದ ಇನ್ನೊಬ್ಬರು ವಸಾಹತು ಮುಗಿದ ವಾರದಲ್ಲೇ ಅದನ್ನು ಎತ್ತಿ ಹಿಡಿದಾಗ ಅದಕ್ಕೆ ಬೇರೆಯದೇ ತೂಕ ಬರುತ್ತದೆ.

ಉತ್ತರ: ಮರುಪರಿಶೀಲನೆ

ಕಡತಪ್ರಿಯ ಅವರ ಬರಹ ಚೆನ್ನಾಗಿದೆ, ಆದರೆ ಅದು ನ್ಸುಕ್ಕಾದ ಕಿಟಕಿಯಿಂದ ನೋಡಿದ ನೋಟ. ಇಬಾದಾನ್ ಕೇವಲ ಲಂಡನ್ನಿನ ಶಾಖಾ ಕಚೇರಿಯಾಗಿತ್ತು ಎಂಬ ಅಭಿಪ್ರಾಯ ಓದುಗರಿಗೆ ಉಳಿಯಬಾರದೆಂದು ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ಲಾಗೋಸಿನ ಯಾಬಾದಲ್ಲಿ 1932ರಿಂದ ಒಂದು ಉನ್ನತ ಕಾಲೇಜು ನಡೆಯುತ್ತಿತ್ತು. ಅಲ್ಲಿ ವೈದ್ಯಕೀಯ, ಎಂಜಿನಿಯರಿಂಗ್, ಶಿಕ್ಷಕ ತರಬೇತಿ ಎಲ್ಲವೂ ಇದ್ದವು, ಇಲ್ಲದಿದ್ದುದು ಪದವಿ ಮಾತ್ರ. ಅದರ ಡಿಪ್ಲೊಮಾ ಪಡೆದವರಿಗೆ ವಸಾಹತು ಸರ್ಕಾರದಲ್ಲಿ ಸಹಾಯಕರ ಹುದ್ದೆ ಸಿಗುತ್ತಿತ್ತೇ ಹೊರತು ಬ್ರಿಟಿಷ್ ಪದವೀಧರರ ಸಮಾನ ಸ್ಥಾನ ಸಿಗುತ್ತಿರಲಿಲ್ಲ. ಈ ಕೀಳು ಸ್ಥಾನದ ವಿರುದ್ಧ ಎದ್ದ ಅಸಮಾಧಾನವೇ 1934ರಲ್ಲಿ ಲಾಗೋಸಿನ ಯುವ ಚಳವಳಿಯ ಹುಟ್ಟಿಗೆ ಒಂದು ಕಾರಣವಾಯಿತು. ಹೀಗಾಗಿ 1943ರಲ್ಲಿ ನೇಮಕವಾದ ಎಲಿಯಟ್ ಆಯೋಗವು ಪಶ್ಚಿಮ ಆಫ್ರಿಕಾದ ಉನ್ನತ ಶಿಕ್ಷಣವನ್ನು ಪರಿಶೀಲಿಸಿ ಇಬಾದಾನನ್ನು ಸೂಚಿಸಿದಾಗ ಜನ ಕೇಳುತ್ತಿದ್ದುದು, ಯಾರೂ ಎರಡನೆಯ ದರ್ಜೆಯದೆಂದು ಹೇಳಲಾಗದ ಪದವಿಯನ್ನು. ಲಂಡನ್ ಮೊಹರು ಅಂದಿನ ನೈಜೀರಿಯನ್ನರಿಗೆ ಸಂಕೋಲೆಯಾಗಿ ಕಾಣಲಿಲ್ಲ. ಯಾಬಾದ ಡಿಪ್ಲೊಮಾಕ್ಕೆ ಸಿಗದಿದ್ದ ಬೆಲೆಯ ಖಾತರಿಯಾಗಿ ಕಂಡಿತು. ಇಂದು ಕುಳಿತು ಅದನ್ನು ಪರಾವಲಂಬನೆ ಎಂದು ಕರೆಯುವುದು ಸುಲಭ.

1948ರ ಜನವರಿಯಲ್ಲಿ ಯಾಬಾದಿಂದ ಬಂದ 104 ವಿದ್ಯಾರ್ಥಿಗಳೊಂದಿಗೆ, ಯುದ್ಧಕಾಲದ ಸೈನಿಕ ಆಸ್ಪತ್ರೆಯಾಗಿದ್ದ ಎಲೆಯೆಲೆಯ ಕಟ್ಟಡಗಳಲ್ಲಿ, ಕೆನೆತ್ ಮೆಲನ್ಬಿ ಪ್ರಾಂಶುಪಾಲರಾಗಿ ಕಾಲೇಜು ಶುರುವಾಯಿತು. ಅದೇ ವರ್ಷದ ನವೆಂಬರ್ 17ರಂದು ಈಗಿನ ಆವರಣದಲ್ಲಿ ಮೊದಲ ಹಿಡಿ ಮಣ್ಣು ಅಗೆದವರು ಬ್ರಿಟನ್ನಿನ ವಸಾಹತು ಸಚಿವ ಆರ್ಥರ್ ಕ್ರೀಚ್ ಜೋನ್ಸ್. ಎಲಿಯಟ್ ಆಯೋಗದಲ್ಲಿ ಸದಸ್ಯರಾಗಿದ್ದಾಗ, ಹಲವು ಕಾಲೇಜುಗಳು ಬೇಡ, ಇಡೀ ಪ್ರದೇಶಕ್ಕೆ ಇಬಾದಾನಿನಲ್ಲಿ ಒಂದೇ ಸಾಕು ಎಂದು ಅಲ್ಪಮತದ ವರದಿಗೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಮ್ಯಾಕ್ಸ್‌ವೆಲ್ ಫ್ರೈ ಮತ್ತು ಜೇನ್ ಡ್ರೂ ದಂಪತಿ ಆ ಆವರಣವನ್ನು ವಿನ್ಯಾಸಗೊಳಿಸಿದರು. ಗಾಳಿ ಆಡುವಂತೆ ತೂತುಬಿಟ್ಟ ಕಾಂಕ್ರೀಟ್ ಜಾಲರಿಗಳ ಆ ಕಟ್ಟಡಗಳು ಇಂದಿಗೂ ವಾಸ್ತುಶಿಲ್ಪದ ಪಾಠ. 1957ರಲ್ಲಿ ಬೋಧನಾ ಆಸ್ಪತ್ರೆ ತೆರೆಯಿತು. ಮುಂದೆ ಹೆಸರಾಂತ ಸಾಹಿತಿಗಳಾದ ಚಿನುವಾ ಅಚೆಬೆ, ವೋಲೆ ಸೋಯಿಂಕಾ, ಕ್ರಿಸ್ಟೋಫರ್ ಒಕಿಗ್ಬೊ ಮೂವರೂ ಓದಿದ್ದು ಅಲ್ಲಿಯೇ. ನೈಜೀರಿಯಾದ ಇತಿಹಾಸವನ್ನು ಆಫ್ರಿಕನ್ನರ ಕಣ್ಣಿನಿಂದ, ಮೌಖಿಕ ಸಾಕ್ಷ್ಯಗಳನ್ನೂ ಬಳಸಿಕೊಂಡು ಮರುರಚಿಸಿದ ಕೆನೆತ್ ಡಿಕೆ 1960ರಲ್ಲಿ ಪ್ರಾಂಶುಪಾಲರಾಗಿ, ನಂತರ ಮೊದಲ ನೈಜೀರಿಯನ್ ಕುಲಪತಿಯಾದರು. ಪದವಿ ಲಂಡನ್ನಿನದಾಗಿದ್ದರೂ ಪಾಠದ ತಿರುಳು ಬದಲಾಗತೊಡಗಿತ್ತು.

ನ್ಸುಕ್ಕಾದ ಪ್ರಾರಂಭವನ್ನು ಅನುಮಾನದಿಂದ ಕಂಡವರು ಬ್ರಿಟಿಷರು ಮಾತ್ರ ಎಂದೂ ತಿಳಿಯಬಾರದು. ಅಮೆರಿಕನ್ ಪದವಿ ಹಗುರವಾದದ್ದು ಎಂಬ ಭಾವನೆ ಲಂಡನ್ ಪದವಿ ಪಡೆದ ನೈಜೀರಿಯನ್ನರಲ್ಲೂ ಬಲವಾಗಿತ್ತು. ಸ್ವಂತ ಪದವಿ ಕೊಡುವ ಅಧಿಕಾರವನ್ನು ಶಾಸನಸಭೆ ಒಂದು ಮಧ್ಯಾಹ್ನ ಕೊಡಬಹುದು, ಆ ಪದವಿಗೆ ಮಾನ್ಯತೆ ಹುಟ್ಟಲು ವರ್ಷಗಳೇ ಬೇಕಾಗುತ್ತವೆ.

ಉತ್ತರ: ಕಡತಪ್ರಿಯ

ಯಾಬಾದ ಮಾತನ್ನು ನಾನು ಬಿಟ್ಟದ್ದು ತಪ್ಪು, ಒಪ್ಪುತ್ತೇನೆ. ಆ ಅನುಭವವಿಲ್ಲದೆ ಲಂಡನ್ ಪದವಿಯ ಆಕರ್ಷಣೆ ಅರ್ಥವಾಗುವುದಿಲ್ಲ.

ಆದರೂ ಒಂದು ಪ್ರತಿವಾದವನ್ನು ಮುಂದಿಡಬೇಕು. ಅಂದಿನ ಇಬಾದಾನಿನಲ್ಲಿ ಗ್ರೀಕ್, ಲ್ಯಾಟಿನ್ ಕಲಿಸುವ ವಿಭಾಗವಿತ್ತು, ಕಾನೂನು ಮತ್ತು ಎಂಜಿನಿಯರಿಂಗ್ ಇರಲಿಲ್ಲ. ಪ್ರವೇಶಕ್ಕೆ ಶಾಲಾ ಪ್ರಮಾಣಪತ್ರದ ಮೇಲೆ ಮತ್ತೆರಡು ವರ್ಷಗಳ ಮುಂದುವರಿದ ಓದು ಬೇಕಾಗಿತ್ತು. ಅಂಥ ಓದನ್ನು ಕಲಿಸುವ ಶಾಲೆಗಳಾದರೋ ದೇಶದಲ್ಲಿ ಬಹಳ ಕಡಿಮೆ. ನ್ಸುಕ್ಕಾ ಈ ಸಂದಿಯನ್ನೇ ಹಿಡಿಯಿತು. ಶಾಲಾ ಪ್ರಮಾಣಪತ್ರವಿದ್ದವರನ್ನು ನೇರವಾಗಿ ತೆಗೆದುಕೊಂಡು ನಾಲ್ಕು ವರ್ಷಗಳ ಪದವಿ ಕೊಡುವ ಕ್ರಮವನ್ನು ತಂದಿತು. ಪ್ರತಿಯೊಬ್ಬ ವಿದ್ಯಾರ್ಥಿಯೂ, ತನ್ನ ವಿಷಯ ಯಾವುದೇ ಇರಲಿ, ಇಂಗ್ಲಿಷ್ ಬಳಕೆ, ಮಾನವಿಕ, ಸಮಾಜವಿಜ್ಞಾನ ಮತ್ತು ನಿಸರ್ಗವಿಜ್ಞಾನಗಳ ಸಾಮಾನ್ಯ ಪಾಠಗಳನ್ನು ಓದಲೇಬೇಕೆಂಬ ನಿಯಮವನ್ನೂ ಮಾಡಿತು. ಆಗ ನಕ್ಕವರಿದ್ದರು. ಇಂದು ಈ ಸಾಮಾನ್ಯ ಅಧ್ಯಯನ ದೇಶದ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಕಡ್ಡಾಯವಾಗಿದೆ, ನಾಲ್ಕು ವರ್ಷಗಳ ಪದವಿಯೇ ರೂಢಿಯಾಗಿದೆ. ಪತ್ರಿಕೋದ್ಯಮ, ಸಂಗೀತ, ಲಲಿತಕಲೆ, ಗೃಹವಿಜ್ಞಾನ, ದೈಹಿಕ ಶಿಕ್ಷಣ ಇವೆಲ್ಲ ಪದವಿಯ ವಿಷಯಗಳಾಗಬಲ್ಲವು ಎಂಬುದನ್ನು ಆ ದೇಶಕ್ಕೆ ತೋರಿಸಿಕೊಟ್ಟದ್ದೂ ನ್ಸುಕ್ಕಾವೇ. ಪತ್ರಿಕೋದ್ಯಮದ ವಿಭಾಗಕ್ಕೆ ಲಾಗೋಸಿನ ಹಳೆಯ ಸಂಪಾದಕ ಜಾನ್ ಪೇನ್ ಜಾಕ್ಸನ್ ಮನೆತನದ ಹೆಸರಿಟ್ಟರು. ಸ್ಥಾಪಕರು ಸ್ವತಃ ಪತ್ರಕರ್ತರಾಗಿದ್ದರೆ ಇಂಥದ್ದು ಆಗುತ್ತದೆ!

1960ರ ಸೆಪ್ಟೆಂಬರಿನಲ್ಲಿ, ನ್ಸುಕ್ಕಾದ ಉದ್ಘಾಟನೆಗೆ ಒಂದು ತಿಂಗಳ ಮೊದಲು, ಎರಿಕ್ ಆ್ಯಶ್‌ಬಿ ಅಧ್ಯಕ್ಷತೆಯ ಆಯೋಗವೂ ತನ್ನ ವರದಿ ಕೊಟ್ಟಿತ್ತು. ಉತ್ತರದಲ್ಲಿ ಒಂದು, ಲಾಗೋಸಿನಲ್ಲಿ ಒಂದು ಹೊಸ ವಿಶ್ವವಿದ್ಯಾಲಯ ಬೇಕೆಂದೂ ನ್ಸುಕ್ಕಾಕ್ಕೆ ಬೆಂಬಲ ಕೊಡಬೇಕೆಂದೂ ಅದು ಸೂಚಿಸಿತು. ಪಶ್ಚಿಮ ಪ್ರಾಂತ್ಯಕ್ಕೂ ತನ್ನದೇ ಬೇಕೆಂದು ಸದಸ್ಯ ಸಾನ್ಯಾ ಒನಬಾಮಿರೊ ಭಿನ್ನಮತ ಬರೆದರು. 1962ರ ಕೊನೆಯ ಹೊತ್ತಿಗೆ ಇಫೆ, ಜಾರಿಯಾ, ಲಾಗೋಸ್ ಮೂರೂ ತೆರೆದಿದ್ದವು. ಇಲ್ಲಿ ಒಂದು ಸ್ವಾರಸ್ಯವಿದೆ. ಕಲೆ, ವಿಜ್ಞಾನ, ತಂತ್ರಜ್ಞಾನಗಳ ನೈಜೀರಿಯನ್ ಕಾಲೇಜು ಎಂಬ ಸರ್ಕಾರಿ ಸಂಸ್ಥೆಗೆ ಜಾರಿಯಾ, ಇಬಾದಾನ್, ಎನುಗು ಎಂಬ ಮೂರು ಶಾಖೆಗಳಿದ್ದವು. ಅದು ಮುಚ್ಚಿದಾಗ ಜಾರಿಯಾದ ಶಾಖೆ ಅಹ್ಮದು ಬೆಲ್ಲೊ ವಿಶ್ವವಿದ್ಯಾಲಯದ ತಳಪಾಯವಾಯಿತು, ಇಬಾದಾನಿನ ಶಾಖೆಯಲ್ಲಿ ಇಫೆ ವಿಶ್ವವಿದ್ಯಾಲಯ ತನ್ನ ಮೊದಲ ವರ್ಷಗಳನ್ನು ಕಳೆಯಿತು, ಎನುಗುವಿನ ಶಾಖೆ 1961ರಲ್ಲಿ ನ್ಸುಕ್ಕಾದ ಎರಡನೆಯ ಆವರಣವಾಯಿತು. ಒಂದು ಮನೆಯನ್ನು ಮೂವರು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಂತೆ.

ಪ್ರತಿಕ್ರಿಯೆ: ಹಿನ್ನೋಟ

ಇಬ್ಬರಿಗೂ ವಂದನೆಗಳು. "ಮೊದಲ" ಎಂಬ ಪದದ ಬಗ್ಗೆ ನನಗಿದ್ದ ಸಂದೇಹ ತೀರಿತು. ಯುದ್ಧದ ಭಾಗವನ್ನು ಯಾರಾದರೂ ಬರೆಯಬಲ್ಲಿರಾ? ಅಮೆರಿಕದ ನೆರವಿನಲ್ಲಿ ನಡೆಯುತ್ತಿದ್ದ ಸಂಸ್ಥೆ ಆ ಹೊತ್ತಿನಲ್ಲಿ ಏನಾಯಿತು?

ಉತ್ತರ: ಕೆಂಪುಮಣ್ಣು

ಅಮೆರಿಕನ್ನರ ವಿಷಯದಿಂದ ಶುರುಮಾಡುತ್ತೇನೆ. ಮಿಶಿಗನ್ ಸ್ಟೇಟ್ ಅಮೆರಿಕ ಸರ್ಕಾರದ ನೆರವಿನಡಿ ಅಧ್ಯಾಪಕರನ್ನೂ ಸಲಹೆಗಾರರನ್ನೂ ಕಳುಹಿಸುತ್ತಿತ್ತು. 1958ರ ತಂಡದಲ್ಲಿದ್ದ ಟ್ಯಾಗರ್ಟ್ ಅವರೇ ಜಾನ್ಸನ್ ಅವರ ನಂತರ, 1964ರಿಂದ 1966ರವರೆಗೆ, ಕುಲಪತಿಯಾಗಿದ್ದರು. 1966ರಲ್ಲಿ ಆ ಸ್ಥಾನಕ್ಕೆ ಬಂದವರು ಸಸ್ಯವಿಜ್ಞಾನಿ ಎನಿ ಎಂಜೊಕು, ನ್ಸುಕ್ಕಾದ ಮೊದಲ ನೈಜೀರಿಯನ್ ಕುಲಪತಿ. ಇವರ ಕಥೆಯೇ ಆ ದಶಕದ ಕಥೆ. ಪೂರ್ವದ ಇಗ್ಬೊ ಜನಾಂಗದವರಾದ ಅವರು ಲಾಗೋಸ್ ವಿಶ್ವವಿದ್ಯಾಲಯದ ಸ್ಥಾಪಕ ಕುಲಪತಿಯಾಗಿದ್ದರು. 1965ರಲ್ಲಿ ಅವರನ್ನು ಮರುನೇಮಕ ಮಾಡದೆ ಪಶ್ಚಿಮದ ಯೊರುಬಾ ಜನಾಂಗದ ಇತಿಹಾಸಕಾರ ಸಬುರಿ ಬಿಯೊಬಾಕು ಅವರನ್ನು ನೇಮಿಸಿದಾಗ ಆ ವಿಶ್ವವಿದ್ಯಾಲಯ ಜನಾಂಗದ ಗೆರೆಯಲ್ಲಿ ಒಡೆದು ಹೋಯಿತು. ವಿಶ್ವವಿದ್ಯಾಲಯದ ಗೋಡೆಗಳೊಳಗೆ ನಡೆದ ಆ ಜಗಳ, ಮುಂದೆ ದೇಶದಲ್ಲಿ ನಡೆಯಲಿದ್ದುದರ ಮುನ್ಸೂಚನೆಯಾಗಿತ್ತು.

1966ರಲ್ಲಿ ಎರಡು ಸೈನಿಕ ದಂಗೆಗಳು ನಡೆದವು, ಉತ್ತರದಲ್ಲಿ ಇಗ್ಬೊ ಜನರ ಹತ್ಯಾಕಾಂಡಗಳಾದವು. ಇಬಾದಾನ್, ಲಾಗೋಸ್, ಜಾರಿಯಾಗಳಲ್ಲಿದ್ದ ಪೂರ್ವದ ಅಧ್ಯಾಪಕರು, ವಿದ್ಯಾರ್ಥಿಗಳು ಗಂಟುಮೂಟೆ ಕಟ್ಟಿಕೊಂಡು ಪೂರ್ವಕ್ಕೆ ಮರಳಿದರು. ಡಿಕೆ ಅವರೂ ಇಬಾದಾನ್ ಬಿಟ್ಟರು. ಹೀಗಾಗಿ 1967ರ ಆರಂಭದ ನ್ಸುಕ್ಕಾದಲ್ಲಿ ಹಿಂದೆಂದೂ ಇಲ್ಲದಷ್ಟು ವಿದ್ವತ್ತು ಒಂದೆಡೆ ಕೂಡಿತ್ತು, ಒಟ್ಟು ಕೂಡಿದ ಕಾರಣ ಮಾತ್ರ ಭಯ. ಮೇ 30ರಂದು ಪೂರ್ವ ಪ್ರಾಂತ್ಯವು ಬಿಯಾಫ್ರಾ ಎಂಬ ಹೆಸರಿನಲ್ಲಿ ಪ್ರತ್ಯೇಕ ದೇಶವೆಂದು ಘೋಷಿಸಿಕೊಂಡಿತು; ನೈಜೀರಿಯಾ ವಿಶ್ವವಿದ್ಯಾಲಯ ಬಿಯಾಫ್ರಾ ವಿಶ್ವವಿದ್ಯಾಲಯವಾಯಿತು.

ನ್ಸುಕ್ಕಾ ಇರುವುದು ಇಗ್ಬೊ ನಾಡಿನ ಉತ್ತರದ ಅಂಚಿನಲ್ಲಿ, ಎನುಗುವಿಗೂ ಮೇಲೆ, ಹುಲ್ಲುಗಾವಲಿನ ಗುಡ್ಡಗಳ ನಡುವೆ. ಶಾಂತಿಯ ಕಾಲದಲ್ಲಿ ತಂಪು ಹವೆಗೆ ಹೆಸರಾದ ಆ ಜಾಗವೇ ಯುದ್ಧ ಬಂದಾಗ ಗಡಿಯಾಯಿತು. ಜುಲೈ 6ರಂದು ಒಕ್ಕೂಟದ ಸೈನ್ಯ ಗಡಿ ದಾಟಿತು, ತಿಂಗಳ ಮಧ್ಯದ ಹೊತ್ತಿಗೆ ಊರೂ ವಿಶ್ವವಿದ್ಯಾಲಯವೂ ಅದರ ವಶವಾಗಿದ್ದವು. ಗ್ರಂಥಾಲಯ, ಪ್ರಯೋಗಾಲಯಗಳು, ಅಧ್ಯಾಪಕರ ಮನೆಗಳು ಎಲ್ಲವೂ ಲೂಟಿಯಾದವು. ಅಲ್ಲಿಯ ಗ್ರಂಥಾಲಯದಲ್ಲಿ ಮೊದಲ ವರ್ಷಗಳಲ್ಲಿ ಕೆಲಸ ಮಾಡಿದ್ದ ಕವಿ ಒಕಿಗ್ಬೊ ಬಿಯಾಫ್ರಾ ಸೈನ್ಯಕ್ಕೆ ಸೇರಿ, ಅದೇ ನ್ಸುಕ್ಕಾದ ಸುತ್ತಲಿನ ಕಾಳಗದಲ್ಲಿ, ಅದೇ 1967ರಲ್ಲಿ, ಸತ್ತರು. ಒಮ್ಮೆ ಪುಸ್ತಕಗಳನ್ನು ಜೋಡಿಸಿಟ್ಟ ಊರನ್ನೇ ಬಂದೂಕು ಹಿಡಿದು ಮರಳಿ ಪಡೆಯಲು ಹೋಗಿದ್ದರು. ಎಂಜೊಕು ಅವರು 1968ರಲ್ಲಿ ಆಡಿಸ್ ಅಬಾಬಾದ ಮಾತುಕತೆಗಳಲ್ಲಿ ಬಿಯಾಫ್ರಾದ ನಿಯೋಗವನ್ನು ಮುನ್ನಡೆಸಿದರು.

1970ರ ಜನವರಿ 15ಕ್ಕೆ ಯುದ್ಧ ಮುಗಿಯಿತು. ಅದೇ ವರ್ಷ ವಿಶ್ವವಿದ್ಯಾಲಯ ಹಳೆಯ ಹೆಸರಿನಲ್ಲೇ ಮತ್ತೆ ತೆರೆಯಿತು. ಮರಳಿ ಬಂದ ಸಿಬ್ಬಂದಿಯ ಸ್ಥಿತಿಯನ್ನು ಊಹಿಸಲು ಒಂದು ಅಂಕಿ ಸಾಕು: ಬಿಯಾಫ್ರಾದ ನಾಣ್ಯವನ್ನು ಬ್ಯಾಂಕಿಗೆ ಒಪ್ಪಿಸಿದವರಿಗೆ, ಅವರ ಖಾತೆಯಲ್ಲಿ ಎಷ್ಟೇ ಇದ್ದರೂ, ಕೊಟ್ಟದ್ದು ಸಾರಾಸಗಟಾಗಿ 20 ಪೌಂಡ್. ಪ್ರಾಧ್ಯಾಪಕರಿಗೂ ಅಷ್ಟೇ, ಜವಾನರಿಗೂ ಅಷ್ಟೇ. ಮೂರು ವರ್ಷ ಓದು ನಿಂತಿದ್ದ ವಿದ್ಯಾರ್ಥಿಗಳು ಕಿಟಕಿ ಬಾಗಿಲುಗಳಿಲ್ಲದ ಕೋಣೆಗಳಲ್ಲಿ ಪಾಠ ಕೇಳಲು ಕುಳಿತರು.

ಆಮೇಲೆ ಆದದ್ದನ್ನು ಬರಿಯ ದುರಸ್ತಿಯೆಂದು ಕರೆದರೆ ಕಡಿಮೆಯಾಗುತ್ತದೆ. ಉಚೆ ಒಕೆಕೆ ಅವರು ಲಲಿತಕಲಾ ವಿಭಾಗಕ್ಕೆ ಬಂದು ಉಲಿಯನ್ನು ತರಗತಿಗೆ ತಂದರು. ಉಲಿ ಎಂದರೆ ಇಗ್ಬೊ ಹೆಂಗಸರು ಮೈಮೇಲೆಯೂ ಮನೆಯ ಗೋಡೆಗಳ ಮೇಲೆಯೂ ಬರೆಯುತ್ತಿದ್ದ ತೆಳುಗೆರೆಯ ಚಿತ್ರಣ. ಮಿಷನರಿ ಶಾಲೆಗಳು ಹಳ್ಳಿಯ ಮೌಢ್ಯವೆಂದು ತಳ್ಳಿದ್ದ ಆ ಗೆರೆ, ಯುದ್ಧದಿಂದ ಸೋತು ಬಂದ ಒಂದು ತಲೆಮಾರಿನ ಕೈಯಲ್ಲಿ ಆಧುನಿಕ ಚಿತ್ರಕಲೆಯ ಭಾಷೆಯಾಯಿತು. ಅದನ್ನೇ ಇಂದು ನ್ಸುಕ್ಕಾ ಪಂಥವೆಂದು ಕರೆಯುವುದು. ಘಾನಾದಿಂದ 1975ರಲ್ಲಿ ಅಲ್ಲಿಗೆ ಪಾಠ ಹೇಳಲು ಬಂದ ಶಿಲ್ಪಿ ಎಲ್ ಅನಾತ್ಸುಯಿ ಹಲವು ದಶಕಗಳ ಕಾಲ ಅಲ್ಲೇ ಉಳಿದರು. ಬಾಟಲಿ ಮುಚ್ಚಳಗಳನ್ನು ತಾಮ್ರದ ತಂತಿಯಿಂದ ಹೊಲಿದು ಅವರು ಮಾಡಿದ ಲೋಹದ ಪರದೆಗಳು ಈಗ ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ತೂಗುತ್ತಿವೆ. ಅಚೆಬೆ ಅವರು ಅಲ್ಲಿಂದಲೇ 1971ರಲ್ಲಿ ಸಾಹಿತ್ಯ ಪತ್ರಿಕೆಯೊಂದನ್ನು ಹೊರಡಿಸಿದರು. ಕಾಗದಕ್ಕೂ ಪರದಾಡುತ್ತಿದ್ದ ಊರಿನಿಂದ.

ಉತ್ತರ: ಮರುಪರಿಶೀಲನೆ

ಕೆಂಪುಮಣ್ಣು ಅವರ ಬರಹಕ್ಕೆ ನನ್ನ ತಕರಾರೇನೂ ಇಲ್ಲ. ಬೆಳವಣಿಗೆಯ ಉಳಿದ ಭಾಗವನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಅದು ನ್ಸುಕ್ಕಾಕ್ಕೆ ಮಾತ್ರ ಸೀಮಿತವಲ್ಲ, ಆ ದೇಶದ ಎಲ್ಲ ಸರ್ಕಾರಿ ವಿಶ್ವವಿದ್ಯಾಲಯಗಳ ಕಥೆ.

ಪೂರ್ವ ಪ್ರಾಂತ್ಯವೇ ಇಲ್ಲವಾಗಿದ್ದರಿಂದ 1973ರಲ್ಲಿ ಕೇಂದ್ರ ಸರ್ಕಾರ ನ್ಸುಕ್ಕಾವನ್ನು ವಹಿಸಿಕೊಂಡಿತು. ಎರಡು ವರ್ಷಗಳಲ್ಲಿ ಇಫೆ, ಜಾರಿಯಾ, ಬೆನಿನ್ ವಿಶ್ವವಿದ್ಯಾಲಯಗಳೂ ಕೇಂದ್ರದ ಪಾಲಾದವು. ಪೆಟ್ರೋಲಿಯಂ ಹಣ ಹರಿಯುತ್ತಿದ್ದ ಕಾಲ ಅದು. 1975ರ ನಂತರ ಜೋಸ್, ಕಾಲಬಾರ್, ಮೈದುಗುರಿ, ಸೊಕೊಟೊ, ಇಲೊರಿನ್, ಪೋರ್ಟ್ ಹಾರ್ಕೋರ್ಟ್, ಕಾನೊಗಳಲ್ಲಿ ಒಟ್ಟೊಟ್ಟಿಗೆ ಹೊಸ ವಿಶ್ವವಿದ್ಯಾಲಯಗಳು ಎದ್ದವು. 1977ರಲ್ಲಿ ಬೋಧನಾ ಶುಲ್ಕವನ್ನು ತೆಗೆದುಹಾಕಿದರು. ಮರುವರ್ಷವೇ ಹಣ ಸಾಲದೆ ವಿದ್ಯಾರ್ಥಿಗಳ ದಿನದ ಊಟದ ದರವನ್ನು ಏರಿಸಿದಾಗ, ಅಂದಿನ ಶಿಕ್ಷಣ ಕಮಿಷನರ್ ಕರ್ನಲ್ ಅಹ್ಮದು ಅಲಿ ತೊಲಗಬೇಕೆಂಬ ಕೂಗಿನೊಂದಿಗೆ ದೇಶದ ಉದ್ದಗಲಕ್ಕೂ ವಿದ್ಯಾರ್ಥಿ ಚಳವಳಿ ಎದ್ದಿತು, ಗುಂಡೇಟಿಗೆ ಜೀವಗಳು ಹೋದವು. ಎಲ್ಲ ವಿಶ್ವವಿದ್ಯಾಲಯಗಳಿಗೂ ಒಂದೇ ಪ್ರವೇಶ ಮಂಡಳಿ ಬಂದದ್ದೂ, ಅಧ್ಯಾಪಕರ ಒಕ್ಕೂಟ ಈಗಿನ ರೂಪ ತಾಳಿದ್ದೂ 1978ರಲ್ಲೇ.

ಕೇಂದ್ರದ ವಶವಾದದ್ದರಿಂದ ಸಂಬಳಕ್ಕೆ ಭದ್ರತೆ ಬಂದಿತು, ಸ್ವಾಯತ್ತತೆ ಸವೆಯಿತು. ಇದು ನನ್ನ ಅಭಿಪ್ರಾಯ, ಭಿನ್ನಮತಕ್ಕೆ ಅವಕಾಶವಿದೆ. ಪ್ರವೇಶದಲ್ಲಿ ಅರ್ಹತೆಯ ಜೊತೆಗೆ ಸುತ್ತಲಿನ ಪ್ರದೇಶದವರಿಗೂ ಶಿಕ್ಷಣದಲ್ಲಿ ಹಿಂದುಳಿದ ರಾಜ್ಯದವರಿಗೂ ಪಾಲು ಮೀಸಲಾಯಿತು. ತೈಲಬೆಲೆ ಕುಸಿದು, 1986ರ ಆರ್ಥಿಕ ಮರುಹೊಂದಾಣಿಕೆಯಲ್ಲಿ ದೇಶದ ನಾಣ್ಯವಾದ ನೈರಾದ ಬೆಲೆ ಇಳಿದಾಗ ವಿದೇಶಿ ನಿಯತಕಾಲಿಕೆಗಳ ಚಂದಾ ಕಟ್ಟುವುದೂ ಗ್ರಂಥಾಲಯಗಳ ಶಕ್ತಿ ಮೀರಿತು, ಪ್ರಾಧ್ಯಾಪಕರು ಒಬ್ಬೊಬ್ಬರಾಗಿ ಹೊರದೇಶಗಳಿಗೆ ಹೊರಟರು. ಕಂಪನಿಗಳ ಲಾಭದ ಮೇಲೆ ಶೇ 2ರ ಶಿಕ್ಷಣ ತೆರಿಗೆ 1993ರಲ್ಲಿ ಬಂದದ್ದು ಅಧ್ಯಾಪಕರ ಒಕ್ಕೂಟದ ಹೋರಾಟದ ಫಲ. ಈಗ ಸರ್ಕಾರಿ ಆವರಣಗಳಲ್ಲಿ ಕಾಣುವ ಹೊಸ ಕಟ್ಟಡಗಳಲ್ಲಿ ಬಹುಪಾಲು ಆ ನಿಧಿಯವು. ಮುಷ್ಕರಗಳಂತೂ ನಿಂತಿಲ್ಲ. 2022ರಲ್ಲಿ ಫೆಬ್ರವರಿ 14ರಿಂದ ಅಕ್ಟೋಬರ್ 14ರವರೆಗೆ, ಎಂಟು ತಿಂಗಳು, ತರಗತಿಗಳು ನಡೆಯಲಿಲ್ಲ. ನಾಲ್ಕು ವರ್ಷಗಳ ಪದವಿ ಎಷ್ಟು ವರ್ಷಕ್ಕೆ ಮುಗಿಯುತ್ತದೆ ಎಂದು ಹೇಳಬಲ್ಲ ವಿದ್ಯಾರ್ಥಿ ಅಲ್ಲಿ ಅಪರೂಪ.

ಇಷ್ಟರ ನಡುವೆಯೂ ನ್ಸುಕ್ಕಾ ಹರಡಿಕೊಂಡಿದೆ. ಮುಖ್ಯ ಆವರಣವೇ 871 ಹೆಕ್ಟೇರ್. ಎನುಗುವಿನ ಆವರಣದಲ್ಲಿ ಕಾನೂನು, ವ್ಯವಹಾರ ಆಡಳಿತ, ಪರಿಸರ ಅಧ್ಯಯನಗಳಿವೆ. ಎನುಗುವಿನ ನಡುವೆ ಇದ್ದ ಬೋಧನಾ ಆಸ್ಪತ್ರೆ 2007ರಲ್ಲಿ ಊರ ಹೊರಗಿನ ಇಟುಕು-ಒಜಾಲ್ಲಾಕ್ಕೆ ಹೋಯಿತು. 220 ವಿದ್ಯಾರ್ಥಿಗಳಿಂದ ಶುರುವಾದದ್ದು ಈಗ ಹತ್ತಾರು ಸಾವಿರದ ಲೆಕ್ಕದಲ್ಲಿದೆ. ಇಬಾದಾನ್ ಒಂದೇ ಇದ್ದ ದೇಶದಲ್ಲಿ ಇಂದು ಸರ್ಕಾರಿ, ಖಾಸಗಿ ಎಲ್ಲ ಸೇರಿ ವಿಶ್ವವಿದ್ಯಾಲಯಗಳ ಸಂಖ್ಯೆ 200ನ್ನು ದಾಟಿದೆ.

ಪ್ರತಿಕ್ರಿಯೆ: ಹಿನ್ನೋಟ

ಬಹಳ ಉಪಕಾರವಾಯಿತು. ಹೆಸರಿನ ಪ್ರಶ್ನೆಯೊಂದು ಉಳಿಯಿತು.

ಉತ್ತರ: ಕಡತಪ್ರಿಯ

ಕ್ಷಮಿಸಿ, ಅದನ್ನು ಮರೆತಿದ್ದೆ. ಅಜಿಕಿವೆ ಇಗ್ಬೊ ಮನೆತನದವರಾದರೂ ಹುಟ್ಟಿದ್ದು ಉತ್ತರದ ಜುಂಗೇರುವಿನಲ್ಲಿ, ಪತ್ರಿಕೆ ನಡೆಸಿ ಹೆಸರು ಮಾಡಿದ್ದು ಯೊರುಬಾ ನಾಡಿನ ಲಾಗೋಸಿನಲ್ಲಿ. ಇಗ್ಬೊ, ಹೌಸಾ, ಯೊರುಬಾ ಮೂರೂ ಭಾಷೆಗಳನ್ನು ಮಾತನಾಡಬಲ್ಲವರಾಗಿದ್ದ ಅವರು ಪಶ್ಚಿಮದ ರಾಜಕಾರಣದಲ್ಲಿ ನೆಲೆ ಸಿಗದೆ ಪೂರ್ವಕ್ಕೆ ಮರಳಿ ಪ್ರಾಂತ್ಯದ ಪ್ರಧಾನಿಯಾದವರು. ಪ್ರಾಂತ್ಯದ ಗದ್ದುಗೆಯಲ್ಲಿ ಕುಳಿತೂ ದೇಶದ ಕನಸನ್ನು ಬಿಡದವರು ಇಟ್ಟ ಹೆಸರು ಅದು ಎಂದು ನಾನು ಓದಿಕೊಳ್ಳುತ್ತೇನೆ. ಹಾಸ್ಟೆಲ್‌ಗಳ ಹೆಸರುಗಳನ್ನು ನೋಡಿದರೂ ಇದೇ ಕಾಣುತ್ತದೆ: ಉತ್ತರದ ರಾಜಕೀಯ ನಾಯಕರಾದ ಅಹ್ಮದು ಬೆಲ್ಲೊ, ಅಬೂಬಕರ್ ಬಲೇವಾ ಅವರ ಹೆಸರಿನವೂ ಇವೆ, ಘಾನಾದ ನಾಯಕ ಎನ್‌ಕ್ರೂಮಾ ಹೆಸರಿನದೂ ಇದೆ. ಬೆಲ್ಲೊ, ಬಲೇವಾ ಇಬ್ಬರೂ 1966ರ ಜನವರಿಯ ದಂಗೆಯಲ್ಲಿ ಕೊಲೆಯಾದರು. ಆ ಕೊಲೆಗಳ ಸೇಡು ಇಗ್ಬೊ ಜನರ ಮೇಲೆ ತೀರಿತು. ಯುದ್ಧವಾದ ಮೇಲೂ ಇಗ್ಬೊ ನಾಡಿನ ಆ ಆವರಣದಲ್ಲಿ ಬೆಲ್ಲೊ, ಬಲೇವಾ ಹಾಸ್ಟೆಲ್‌ಗಳ ಹೆಸರು ಬದಲಾಗಲಿಲ್ಲ. 1973ರಲ್ಲಿ ಕೇಂದ್ರ ಸರ್ಕಾರ ವಹಿಸಿಕೊಂಡಾಗ ಹೊರಗಿನ ಫಲಕವನ್ನೂ ಬದಲಿಸಬೇಕಾಗಲಿಲ್ಲ. 1955ರಲ್ಲಿ ಬರೆದಿಟ್ಟ ಹೆಸರಿಗೆ ತಕ್ಕ ಯಜಮಾನ ಹದಿನೆಂಟು ವರ್ಷಗಳ ನಂತರ ಬಂದಿದ್ದ.